ಸೀಟಿಗೆ ಓಗೊಟ್ಟ ಕುರಿಗಳು

ಈ ಸೀಟಿ ಕೆಂಪಗಿತ್ತು ಎಂದು ಮೊನ್ನೆಯವರೆಗೂ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತಿದ್ದೆ. ಮೊನ್ನೆ ಸ್ಕೂಟರಿನ ಇನ್ನೊಂದು ಕೀಲಿಗಾಗಿ ಅಡುಗೆಮನೆಯ ಡ್ರಾಯರನ್ನು ನೆಲಕ್ಕೆ ಬೋರಲು ಹಾಕಿದಾಗ, ಮೋಂಬತ್ತಿಯ ತುಂಡು, ಕುಕ್ಕರಿನ ಹಳೆಯ ರಬ್ಬರು, ಔಷಧಿ ಅಂಗಡಿಯವನು ಚಿಲ್ಲರೆಯ ಬದಲಿಗೆ ಕೊಟ್ಟ ಚಾಕಲೇಟು ಇವುಗಳ ನಡುವಿನಿಂದ ಅದು ಉರುಳಿ ಬಂತು. ನೋಡಿದರೆ ಹಳದಿ. ಬಿಸಿಲಿಗೆ ಬಣ್ಣ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಡ್ರಾಯರಿನೊಳಗೆ ಬಿಸಿಲೆಲ್ಲಿಯದು? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬರೆಯುವುದರಲ್ಲಿ ಬಣ್ಣ, ವಾರ, ಯಾರು ಎಲ್ಲಿ ಕೂತಿದ್ದರು ಎಂಬುದನ್ನೆಲ್ಲ ನೀವು ಅಷ್ಟಾಗಿ ನಂಬಬೇಕಾಗಿಲ್ಲ. ಕುರಿಗಳು ಬಂದದ್ದು ಮಾತ್ರ ನಿಜ.

ದಿನಚರಿ ಬರೆಯುವ ಅಭ್ಯಾಸವೇನೋ ನನಗೆ ಕಾಲೇಜಿನ ಕಾಲದಿಂದಲೂ ಇದೆ. ಅದೂ ನೆಚ್ಚಿಕೊಳ್ಳುವ ಹಾಗಿಲ್ಲ. ಆ ಸಂಜೆಯ ಪುಟ ತೆರೆದರೆ, ‘ಬಸ್ಸು ತಡ. ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಹಟ್ಟಿಯಲ್ಲಿ ಗಲಾಟೆ’ ಎಂದಷ್ಟೇ ಇದೆ. ಗಲಾಟೆಗಿಂತ ಚಪ್ಪಲಿಗೆ ಹೆಚ್ಚು ಪದ ಖರ್ಚು ಮಾಡಿದ ಇಂಥವಳಿಗೆ ವಿಶ್ವವಿದ್ಯಾಲಯದವರು ಇತಿಹಾಸದಲ್ಲಿ ಎಂ.ಎ. ಕೊಟ್ಟು ಕಳಿಸಿದ್ದಾರೆ.

ಆಗ ನಾನು ಮಧುಗಿರಿಯಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೆಲವು ಹಳ್ಳಿಗಳಲ್ಲಿ ಹೈಸ್ಕೂಲು ಓದುವ ಹುಡುಗಿಯರ ಗುಂಪು ಕಟ್ಟಬೇಕು, ವಾರಕ್ಕೊಮ್ಮೆ ಸೇರಿಸಿ ಮಾತಾಡಿಸಬೇಕು, ಆಟ ಆಡಿಸಬೇಕು, ತಮ್ಮ ಊರಿನ ಒಂದು ತೊಂದರೆಯನ್ನು ಅವರೇ ಆರಿಸಿಕೊಂಡು ಅದಕ್ಕೆ ಸಂಬಂಧಪಟ್ಟವರ ಮುಂದೆ ನಿಂತು ಕೇಳುವಷ್ಟು ಧೈರ್ಯ ತುಂಬಬೇಕು. ಹೇಳುವಾಗ ಒಂದೇ ಉಸಿರಿಗೆ ಮುಗಿಯುತ್ತದೆ. ‘ಲೀಡರ್ ಅಂದರೆ ಯಾರು?’ ಎಂದು ಮೊದಲ ದಿನ ಎಲ್ಲ ಕಡೆಯೂ ಕೇಳುತ್ತಿದ್ದೆ. ತೋವಿನಕೆರೆಯ ಹುಡುಗಿ, “ಕಳೆ ಕೀಳೋವಾಗ ಮುಂದ್ಗಡೆ ಸಾಲಲ್ಲಿ ಇರೋಳು, ಅಕ್ಕ” ಎಂದಳು. ಶಿರಾ ಪೇಟೆಯ ಹುಡುಗಿ ದುಪಟ್ಟ ಸರಿಮಾಡಿಕೊಂಡು, “ಜಿಮ್ಮೇದಾರಿ, ಜವಾಬ್ದಾರಿ ಇರೋಳು” ಎಂದಳು. ಪಾವಗಡದ ಕಡೆಯವಳೊಬ್ಬಳು ಬಹಳ ಯೋಚನೆ ಮಾಡಿ, “ಬೈಸ್ಕೊಳ್ಳೋಳು” ಎಂದಳು. ನನ್ನ ಕೈಯಲ್ಲಿದ್ದ ಪುಸ್ತಿಕೆಯಲ್ಲಿ ಇದಕ್ಕೆ ಒಂದು ಪುಟದ ಉತ್ತರವಿತ್ತು. ಅದು ಈಗ ಒಂದಕ್ಷರವೂ ನೆನಪಿಲ್ಲ.

ನಾಯಕತ್ವ ಕಲಿಸಲು ನನಗಿದ್ದ ಯೋಗ್ಯತೆಯನ್ನೂ ಹೇಳಬೇಕು. ಐದನೇ ಕ್ಲಾಸಿನಲ್ಲಿ ನಾನು ಮಾನಿಟರ್ ಆಗಿದ್ದೆ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಬರೆಯುತ್ತಾ, “ಲೋ, ಸುಮ್ನಿರ್ರೋ” ಎಂದೆ. ಹಿಂದಿನ ಬೆಂಚಿನಿಂದ ಯಾರೋ, “ನೀನೂ ಮಾತಾಡ್ದೆ, ನಿನ್ ಹೆಸ್ರೂ ಬರ್ಕೊ” ಎಂದರು. ನ್ಯಾಯವಾಗಿಯೇ ಇದೆಯಲ್ಲ ಅನ್ನಿಸಿ ಬರೆದುಕೊಂಡೆ. ಮೇಷ್ಟ್ರು ಬಂದು ಎಲ್ಲರ ಜೊತೆ ನನಗೂ ಏಟು ಕೊಟ್ಟರು. ದೊಡ್ಡವಳಾದ ಮೇಲೂ ಅಷ್ಟೆ, “ಇಲ್ಲೇ ಸ್ವಲ್ಪ ನಿಲ್ಲಿಸಿ” ಎಂದು ಕಂಡಕ್ಟರಿಗೆ ಕೂಗಿ ಹೇಳಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದುಕೊಂಡು ಬಂದವಳು ನಾನು.

ಇನ್ನು ಸೀಟಿಯ ವಿಷಯ. ಮಧುಗಿರಿಯಲ್ಲಿ ನಡೆದ ತರಬೇತಿಯ ಕೊನೆಯಲ್ಲಿ, ಪ್ರತಿ ಗುಂಪಿನ ಲೀಡರಿಗೂ ಕೊಡಿ ಎಂದು ತುಮಕೂರಿನಿಂದ ಬಂದ ತರಬೇತುದಾರರು ಒಂದು ಚೀಲದ ತುಂಬ ಪ್ಲಾಸ್ಟಿಕ್ ಸೀಟಿಗಳನ್ನು ನಮ್ಮ ಕೈಗಿತ್ತರು. ಲೀಡರ್ ಸೀಟಿ ಊದಬೇಕು, ಹುಡುಗಿಯರು ಸೇರಬೇಕು, ಸಮಯಕ್ಕೆ ಸರಿಯಾಗಿ ಸಭೆ ಶುರುವಾಗಬೇಕು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕ್ಷಣ ಅಳುಕಿದೆ. ಚಿಕ್ಕಂದಿನಲ್ಲಿ ತುಟಿ ಚೂಪು ಮಾಡಿ ಸಿಳ್ಳೆ ಹಾಕಲು ಹೊರಟರೆ ಅಮ್ಮ ಬಾಯಿಯ ಮೇಲೆ ಒಂದು ಕೊಟ್ಟು, “ಹೆಣ್ಮಕ್ಕಳು ಸಿಳ್ಳೆ ಹಾಕಿದ್ರೆ ಮನೆಗೆ ಹಾವು ಬರುತ್ತೆ” ಎನ್ನುತ್ತಿದ್ದಳು. ನಮ್ಮದು ಮಧುಗಿರಿಯ ಕೋರ್ಟಿನ ಹಿಂದಿನ ಬೀದಿ. ಯಾರೂ ಸಿಳ್ಳೆ ಹಾಕದಿದ್ದರೂ ಹಾವುಗಳು ಬೆಟ್ಟದ ಬುಡದಿಂದ ತಮ್ಮ ಪಾಡಿಗೆ ತಾವು ಬರುತ್ತಿದ್ದವು.

ಆದರೆ ನನಗೆ ಇನ್ನೊಂದು ನೆನಪೂ ಇದೆ. ನಮ್ಮಪ್ಪ ಓದಿ ಮೇಷ್ಟ್ರಾಗಿ ಮಧುಗಿರಿಗೆ ಬಂದವರು. ಅವರ ಅಕ್ಕ, ನಮ್ಮ ನರಸತ್ತೆ, ಪಾವಗಡದ ಆಚೆ ಕ್ಯಾತಗಾನಚೆರ್ಲುವಿನಲ್ಲಿ ಕುರಿಗಳ ಜೊತೆ ಉಳಿದವಳು. ಬೇಸಿಗೆ ರಜಕ್ಕೆ ಅಲ್ಲಿಗೆ ಹೋಗುತ್ತಿದ್ದೆವು. ಒಂದು ಸಂಜೆ, ಹೊಲದ ಅಂಚಿನ ಬಂಡೆಯ ಮೇಲೆ ಅತ್ತೆ ನಿಂತಿದ್ದಾಳೆ. ಎರಡು ಬೆರಳನ್ನು ನಾಲಿಗೆಯ ಕೆಳಗೆ ಮಡಿಸಿ ಇಟ್ಟು ಒಂದು ಸಿಳ್ಳೆ ಹಾಕುತ್ತಾಳೆ. ದೂರದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತವೆ. ಆಮೇಲಿನ ರಜಗಳಲ್ಲಿ ಅತ್ತೆಯನ್ನು ಆ ಬಂಡೆಯ ಮೇಲೆ ನಾನು ಮತ್ತೆ ನೋಡಲಿಲ್ಲ. ಇದನ್ನು ಹೇಳಿದಾಗಲೆಲ್ಲ ಅಪ್ಪ ನಗುತ್ತಿದ್ದರು. “ಅದು ನಿಮ್ಮ ಮಾವ ಕಣೆ. ಹೆಂಗಸರು ಎಲ್ಲಾದರೂ ಹಂಗೆ ಸಿಳ್ಳೆ ಹಾಕ್ತಾರಾ?” ಇರಬಹುದು. ಸೀಟಿಯ ಬಣ್ಣವೇ ನೆನಪಿಲ್ಲದವಳು ನಾನು. ಆದರೆ ಆ ನೆನಪಿನಲ್ಲಿ ಗಾಳಿಗೆ ಹಾರುವ ಒಂದು ಹಸಿರು ಸೆರಗಿದೆ. ನಮ್ಮ ಮಾವ ಸೀರೆ ಉಡುತ್ತಿರಲಿಲ್ಲ ಎಂಬುದಂತೂ ನನಗೆ ಖಂಡಿತವಾಗಿ ಗೊತ್ತು.

ಶಿರಾ ಕಡೆಯ ಒಂದು ಹಟ್ಟಿಗೆ ಬರೋಣ. ಕುರಿ ಕಾಯುವವರ ಮನೆಗಳೇ ಹೆಚ್ಚು. ಅಲ್ಲಿನ ಗುಂಪಿಗೆ ಪವಿತ್ರ ಲೀಡರು. ಹತ್ತನೇ ಕ್ಲಾಸು, ಉದ್ದ ಕಾಲು, ಯಾವಾಗಲೂ ಏನನ್ನೋ ಕೇಳಲು ಹೊರಟಂತಿರುವ ಹುಬ್ಬು. ಅಪ್ಪ ಅಮ್ಮ ಕೂಲಿಗೆ ಹೋಗುವವರು, ಮನೆಯಲ್ಲಿ ನಡೆಯುವುದು ತಾತ ಈರಪ್ಪನ ಮಾತು. ಹಟ್ಟಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯರು ಅಲ್ಲಿಗೇ ನಿಲ್ಲುತ್ತಿದ್ದರು. ಕಾಲೇಜಿಗೆ ಹೋಗಬೇಕೆಂದರೆ ಬಸ್ಸು ಹತ್ತಬೇಕು, ಬಸ್ಸು ಹಟ್ಟಿಯ ಕ್ರಾಸಿನಲ್ಲಿ ನಿಲ್ಲುವುದಿಲ್ಲ. ಬಸ್ಸು ನಿಲ್ಲಬೇಕು ಎಂಬುದನ್ನೇ ಪವಿತ್ರಳ ಗುಂಪು ತನ್ನ ಕೆಲಸವಾಗಿ ಆರಿಸಿಕೊಂಡಿತ್ತು. ನಾಲ್ಕೂ ತಾಲ್ಲೂಕಿನ ಹುಡುಗಿಯರು ಮಧುಗಿರಿಯಲ್ಲಿ ಸೇರುವ ದಿನ ಅಧಿಕಾರಿಗಳೂ ಬರುವವರಿದ್ದರು. ಅಲ್ಲಿ ಅವಳೇ ಎದ್ದು ಕೇಳಬೇಕು. ಈರಪ್ಪ ಇನ್ನೂ ಹೂಂ ಅಂದಿರಲಿಲ್ಲ. ಮಧುಗಿರಿಗೆ ಅವಳನ್ನು ಕಳಿಸದಿದ್ದರೆ ಕಾಲೇಜಿಗೂ ಕಳಿಸುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ನಾನು ಅವಳಿಗೆ ಸೀಟಿ ಕೊಟ್ಟೆ.

ಶನಿವಾರ ಸಂಜೆ, ಶಾಲೆಯ ಜಗಲಿ. ಹೊತ್ತು ಇಳಿಯುತ್ತಿತ್ತು. “ಉದ್ದಕ್ಕೆ ಊದು, ಎಲ್ಲ ಮನೆಗೂ ಕೇಳಬೇಕು” ಎಂದು ಹೇಳಿಕೊಟ್ಟವಳು ನಾನೇ. ಕುರಿಗಳು ರೊಪ್ಪಕ್ಕೆ ಮರಳುವ ಹೊತ್ತು ಅದು ಎಂಬುದು ನಾಲ್ಕು ತಾಲ್ಲೂಕಿನ ವೇಳಾಪಟ್ಟಿ ಮಾಡಿದ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಪವಿತ್ರ ಎದೆಯ ತುಂಬ ಉಸಿರು ತುಂಬಿಕೊಂಡು ಊದಿದಳು. ಉದ್ದಕ್ಕೆ ಹೋಗಿ ಕೊನೆಯಲ್ಲಿ ಮೇಲಕ್ಕೆ ಎದ್ದು ನಿಲ್ಲುವ ಸದ್ದು. ಹುಡುಗಿಯರು ಬರುವ ಮೊದಲು ಧೂಳು ಬಂತು. ಧೂಳಿನ ಹಿಂದೆ ಒಂದು ಟಗರು, ಅದರ ಹಿಂದೆ ಇಡೀ ಮಂದೆ. ದಾರಿಯಲ್ಲಿ ಹೋಗುತ್ತಿದ್ದ ಈರಪ್ಪನ ಕುರಿಗಳು ಗೇಟಿನೊಳಗೆ ನುಗ್ಗಿ, ಬಿಸಿಯೂಟಕ್ಕೆಂದು ಬೆಳೆಸಿದ್ದ ಸೊಪ್ಪಿನ ಮಡಿಗಳನ್ನು ತುಳಿದು, ಜಗಲಿಯ ಮುಂದೆ ಬಂದು ನಿಂತು ಪವಿತ್ರಳ ಮುಖವನ್ನೇ ನೋಡಿದವು. ನನ್ನ ಚಪ್ಪಲಿ ಕಿತ್ತದ್ದು ಆಗಲೇ. ಟಗರಿಗೆ ದಾರಿ ಬಿಡಲು ಹೋಗಿ ಕಟ್ಟೆಯ ಮೇಲೆ ಹತ್ತಿದ್ದೆ.

“ಯಾವ್ಳಲೇ ಅದು ಪೀಪಿ ಊದಿದ್ದು!” ಎನ್ನುತ್ತಾ ಈರಪ್ಪ ಕೋಲು ಹಿಡಿದು ಓಡಿಬಂದ. ಬಂದು ನೋಡಿದರೆ ಮೊಮ್ಮಗಳು.

ಬೇವಿನ ಮರದ ಕೆಳಗೆ ಹಿರಿಯರು ಸೇರಿದರು. ನನ್ನನ್ನೂ ಕೂರಿಸಿದರು. “ಏನ್ ಮೇಡಮ್ಮೋರೆ, ಓದ್ಸಕ್ಕೆ ಬತ್ತೀರ ಅಂದ್ಕಂಡಿದ್ವಿ, ಕುರಿ ಹೊಡ್ಕಂಡು ಹೋಗಕ್ ಬಂದ್ರಾ?” ಎಂದ ಒಬ್ಬ. ಎಲ್ಲರೂ ನಕ್ಕರು, ಈರಪ್ಪನನ್ನು ಬಿಟ್ಟು. ಇನ್ನೊಬ್ಬ, “ಹೆಣ್ಮಗ ಪೀಪಿ ಊದಾದು ಅಂದ್ರೇನು? ನಾಳೀಕೆ ಬಸ್ ಕಂಡಕ್ಟ್ರು ಆಯ್ತಾಳಾ?” ಎಂದ. ಹಿಂದೆ ನಿಂತಿದ್ದ ಹೆಂಗಸರ ಗುಂಪಿನಿಂದ ಒಂದು ಧ್ವನಿ, “ಆದ್ರೆ ಆಗ್ಲಿ ಬುಡಣ್ಣ, ಬಸ್ಸಾದ್ರೂ ನಿಂತಾತು” ಎಂದಿತು. ಯಾರ ಧ್ವನಿ ಎಂದು ಅವರು ತಿರುಗಿ ನೋಡುವಷ್ಟರಲ್ಲಿ ಎಲ್ಲ ಹೆಂಗಸರೂ ಸೆರಗು ಬಾಯಿಗೆ ಇಟ್ಟುಕೊಂಡಿದ್ದರು.

ಗುಂಪೂ ಬೇಡ, ಪೀಪಿಯೂ ಬೇಡ ಎನ್ನುವ ಕಡೆಗೆ ಮಾತು ವಾಲುತ್ತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ‘ಹದಿಹರೆಯದ ಹೆಣ್ಣುಮಕ್ಕಳ ಸಬಲೀಕರಣ’ ಎಂಬ ಪದಗಳು ಬಾಯಿಯ ತನಕ ಬಂದು, ಅಲ್ಲಿ ಒಂದು ಕುರಿ ಕೆಮ್ಮಿದ್ದರಿಂದ ವಾಪಸು ಹೋದವು.

ಪವಿತ್ರ ಮುಂದೆ ಬಂದಳು. “ತಾತ, ಒಂದ್ ಮಾತು ಕೇಳ್ಳಾ?”

“ಕೇಳು.”

“ದಾರೀಲಿ ನಮ್ ಕುರಿ ಜೊತೆ ಇನ್ನೂ ಎಲ್ಡ್ ಮನೆ ಕುರಿ ಇದ್ವಲ್ಲ, ಅವ್ಯಾಕೆ ಬರ್ಲಿಲ್ಲ?”

ಈರಪ್ಪ ತನ್ನ ಮಂದೆಯ ಕಡೆ ತಿರುಗಿ ನೋಡಿದ.

“ಯಾಕಂದ್ರೆ ನಾನು ಊದಿದ್ದು ನಿನ್ ಸಿಳ್ಳೆ. ಗೊತ್ತಿದ್ದು ಊದಿದ್ದಲ್ಲ, ಬಾಯಿಗೆ ಅದೇ ಬಂದ್ಬುಡ್ತು. ಸಣ್ಣೋಳಿದ್ದಾಗ ನಿನ್ನಿಂದೆ ಬಂದ್ ಬಂದು ಕಲ್ತಿದ್ದು. ಕಲ್ಸಿದ್ದು ನೀನು, ಕಲ್ತಿದ್ದು ನಾನು, ಕೇಳಿದ್ದು ಕುರಿ. ಯಾರ್ಗೆ ದಂಡ ಹಾಕ್ತೀರ ಹಾಕಿ.”

ಬೇವಿನ ಮರದ ಕೆಳಗೆ ನಗೆ ಎದ್ದಿತು. ಅವಳು ಮಾತ್ರ ನಗಲಿಲ್ಲ. “ಸೊಪ್ಪಿನ ಮಡಿ ನಾವೇ ಸರಿಮಾಡ್ಕೊಡ್ತೀವಿ. ಇನ್ಮ್ಯಾಲೆ ಕುರಿ ರೊಪ್ಪಕ್ಕೆ ಕೂಡಿದ್ ಮ್ಯಾಲೆ ಸೇರ್ತೀವಿ. ಪೀಪಿ ಊದಲ್ಲ, ಮನೆಮನೆಗೋಗಿ ಕರೀತೀನಿ. ಗುಂಪು ಮಾತ್ರ ನಿಲ್ಸಲ್ಲ.”

ಇದನ್ನು ನಾನು ಹೇಳಿಕೊಟ್ಟಿದ್ದೆ ಎಂದು ಆಮೇಲೆ ಕೆಲವರು ತಿಳಿದರು. ದೇವರಾಣೆ ಇಲ್ಲ. ಹಾಗೆ ಮಾತಾಡಲು ನನಗೆ ಬಂದಿದ್ದರೆ ಕಂಡಕ್ಟರಿಗೇ ಹೇಳುತ್ತಿರಲಿಲ್ಲವೇ?

ಈರಪ್ಪ ಟವಲು ಕೊಡವಿಕೊಂಡು ಎದ್ದ. “ಕುರಿ ಕೂಡಿದ್ ಮ್ಯಾಲೆ ಏನಾರ ಮಾಡ್ಕಳಿ. ಮದ್ಗಿರಿ ಗಿದ್ಗಿರಿ ಅಂತ ಮಾತ್ರ ಬರ್ಬ್ಯಾಡಿ.”

ಆ ಮೇಲಿನ ಶನಿವಾರಗಳೇ ನನಗೆ ಹೆಚ್ಚು ಇಷ್ಟ. ಸೀಟಿ ಇದ್ದಿದ್ದರೆ ಅವಳು ಜಗಲಿಯ ಮೇಲೆ ನಿಂತು ಊದಿ ಮುಗಿಸುತ್ತಿದ್ದಳು. ಈಗ ಮನೆಮನೆಯ ಬಾಗಿಲಿಗೆ ಹೋಗಬೇಕಾಯಿತು. ಹೋದ ಕಡೆ ರೊಟ್ಟಿ ತಟ್ಟುತ್ತಿದ್ದ ತಾಯಿ, “ಏನ್ ಮಾಡ್ತೀರೇ ಅಲ್ಲೋಗಿ?” ಎನ್ನುತ್ತಿದ್ದಳು, ಇವಳು ಹೊಸಿಲಲ್ಲಿ ಕೂತು ಹೇಳುತ್ತಿದ್ದಳು. ಎಂದೂ ಬಾರದಿದ್ದ ಹುಡುಗಿಯರು ಬರತೊಡಗಿದರು. ಒಮ್ಮೆ ನಾನೂ ಜೊತೆಗೆ ಹೋದೆ. ಕೊನೆಗೆ ಅವಳು ತನ್ನದೇ ಮನೆಯ ಮುಂದೆ ನಿಂತು, ಪರವೂರಿನಿಂದ ಬಂದವಳ ಹಾಗೆ ಕೂಗಿದಳು. “ಈರಪ್ಪನೋರ ಮನೇಲಿ ಯಾರಾದ್ರೂ ಹೆಣ್ಮಕ್ಕಳವ್ರಾ? ಗುಂಪಿಗೆ ಕಳಿಸ್ತೀರಾ?”

ಒಳಗಿನಿಂದ ಈರಪ್ಪನ ಧ್ವನಿ ಬಂತು. “ಒಬ್ಳವ್ಳೆ. ಬಾಯಿ ಜಾಸ್ತಿ. ಕರ್ಕಂಡೋಗಿ.”

ಇದು ಪ್ರತಿ ಶನಿವಾರದ ಆಟವಾಗಿತ್ತಂತೆ. ಅಕ್ಕಪಕ್ಕದ ಮನೆಯವರು ಇದನ್ನು ಕೇಳಲೆಂದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಧುಗಿರಿಯ ಸಭೆಗೆ ಒಂದು ವಾರ ಉಳಿದಿರುವಾಗ ಅವಳು ಹಾಗೆಯೇ ಬಾಗಿಲಲ್ಲಿ ನಿಂತು, “ಆ ಮಗೀನ ಮದ್ಗಿರಿಗೂ ಕಳಿಸ್ತೀರಾ?” ಎಂದಳು. ಪಕ್ಕದ ಮನೆಯವರು ಬಾಗಿಲಿನಿಂದ ಅಂಗಳಕ್ಕೇ ಇಳಿದರು. ಆಮೇಲೆ, “ಅಷ್ಟ್ ದೂರ ಒಬ್ಳನ್ನೇ ಕಳ್ಸಕ್ಕಾಗಲ್ಲ ಕಣವ್ವ” ಎಂಬ ಉತ್ತರ ಬಂತು. ಪವಿತ್ರ ತಡಮಾಡಲಿಲ್ಲ. “ಅಂಗಾರೆ ನೀವೂ ಬನ್ನಿ. ಊಟ ಅಲ್ಲೇ ಹಾಕ್ತಾರೆ.”

ಹೀಗೆ ಒಗೆದ ಅಂಗಿ ತೊಟ್ಟ ಈರಪ್ಪನೂ ಕ್ರಾಸಿನಿಂದ ಆಚೆಯ ಊರಿನವರೆಗೆ ಹುಡುಗಿಯರ ಜೊತೆ ನಡೆದು, ಅಲ್ಲಿ ಬಸ್ಸು ಹತ್ತಿ ಬಂದ. ದಾರಿಯುದ್ದಕ್ಕೂ, “ನಮ್ ಕ್ರಾಸಲ್ಲೇ ನಿಲ್ಸಿದ್ರೆ ಇವ್ನ ಗಂಟೇನ್ ಹೋಗ್ತಿತ್ತು?” ಎಂದು ಗೊಣಗಿದನಂತೆ. ಪವಿತ್ರ ಅದನ್ನು ಬಲು ಸಂತೋಷದಿಂದ ನನಗೆ ವರದಿ ಮಾಡಿದಳು.

ಸಭೆ ಬೆಟ್ಟದ ಬುಡಕ್ಕೆ ಹತ್ತಿರದ ಒಂದು ಸಭಾಭವನದಲ್ಲಿ. ಕಿಟಕಿಯ ತುಂಬ ಬೋಳು ಕಲ್ಲು. ನಾಲ್ಕು ತಾಲ್ಲೂಕಿನ ಹುಡುಗಿಯರು ಒಂದೇ ಛಾವಣಿಯ ಕೆಳಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ. ಪಾವಗಡದವರು ತೆಲುಗಿನಲ್ಲಿ ನಗುತ್ತಿದ್ದರು, ಕೊರಟಗೆರೆಯವರು ಅವರ ಜಡೆಯ ಹೂವಿನ ಬೆಲೆ ಕೇಳುತ್ತಿದ್ದರು. ಅಷ್ಟರಲ್ಲಿ ಮೈಕು ಕೆಟ್ಟಿತು. ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ವೇದಿಕೆಯ ಅಂಚಿನಲ್ಲಿ ನಿಂತು ನಾನು, “ಸೈಲೆನ್ಸ್, ಮಕ್ಕಳೇ, ಸೈಲೆನ್ಸ್” ಎಂದೆ. ನನ್ನ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ಮಾತಾಡುವ ಸರದಿ ಪವಿತ್ರಳದು. ಇನ್ನು ಸ್ವಲ್ಪ ಹೊತ್ತಾದರೆ ಅಧಿಕಾರಿಗಳು ಏಳುತ್ತಾರೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಬಾಗಿಲ ಕಡೆ ನೋಡಿದಳು. ತಾತ ಹೊರಗೆ ಹುಣಸೆ ಮರದ ಕೆಳಗಿದ್ದ. ಎರಡು ಬೆರಳು ಮಡಿಸಿ ಬಾಯಿಗಿಟ್ಟಳು.

ಸಿಳ್ಳೆ ಬೆಟ್ಟಕ್ಕೆ ಬಡಿದು ವಾಪಸು ಬಂತು ಎಂದು ಬರೆಯಲು ಕೈ ತುರಿಸುತ್ತಿದೆ. ಕಿಟಕಿಗಳು ಮುಚ್ಚಿದ್ದವು ಎಂದು ನೆನಪು, ಆದ್ದರಿಂದ ಬರೆಯುವುದಿಲ್ಲ. ಸಭಾಭವನ ಮಾತ್ರ ಗಪ್ಪನೆ ನಿಂತಿತು. ಅಧಿಕಾರಿಯೊಬ್ಬರ ಕೈಯಲ್ಲಿದ್ದ ಚಹಾದ ಲೋಟವೂ ತುಟಿಯ ಹತ್ತಿರ ನಿಂತಿತು.

“ನಮಸ್ಕಾರ” ಎಂದಳು ಪವಿತ್ರ, ಮೈಕಿಲ್ಲದೆ. “ನಮ್ಮ ಹಟ್ಟಿ ಕ್ರಾಸಲ್ಲಿ ಬಸ್ಸು ನಿಲ್ಲಲ್ಲ. ನಾವು ಕೈ ಅಡ್ಡ ಹಾಕಿದ್ರೆ ಡ್ರೈವರಣ್ಣ ನಮಗೂ ಕೈ ಬೀಸಿ ಹೋಗ್ತಾರೆ. ನೆಂಟರ ಹಂಗೆ.” ನಗು ಎದ್ದು ಅಡಗುವವರೆಗೆ ಅವಳು ಕಾದಳು. ಅದನ್ನು ಯಾವ ತರಬೇತಿಯಲ್ಲೂ ನಾವು ಕಲಿಸಿರಲಿಲ್ಲ. “ಬಸ್ಸು ನಿಲ್ಲಲ್ಲ ಅಂತ ನಾವು ಓದು ನಿಲ್ಲಿಸ್ತಾ ಇದೀವಿ. ಎರಡ್ರಲ್ಲಿ ಯಾವ್ದು ನಿಲ್ಬೇಕು, ನೀವೇ ಹೇಳಿ.”

ನಾನು ಹೊರಗೆ ಓಡಿದೆ. ಈರಪ್ಪ ಮರದ ಕೆಳಗೆ ನಿಂತಿದ್ದ, ಕೈಯಲ್ಲಿ ಹಚ್ಚದ ಬೀಡಿ.

“ಕೇಳಿಸ್ತಾ ಈರಪ್ಪನವರೇ?”

“ಕೇಳ್ದೆ ಏನು? ಬೀಡಿ ಹಚ್ಚಕ್ ಹೋದೋನು ಅಂಗೇ ನಿಂತ್ಬುಟ್ಟೆ.” ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. “ಅದು ಕರಿಯೋ ಸಿಳ್ಳೆ ಅಲ್ಲ ಕಣಮ್ಮ. ನಿಲ್ಲಿಸೋ ಸಿಳ್ಳೆ. ಅದ್ನ ನಾನು ಅವ್ಳಿಗೆ ಕಲ್ಸೇ ಇಲ್ಲ. ನೋಡ್ ನೋಡೇ ಕಲ್ತ್ಕಂಡವ್ಳೆ, ಕಳ್ಳಿ.”

ಕಳ್ಳಿ ಎಂದಾಗ ಅವನ ಮುಖ ಹೇಗಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ಮಾತ್ರ ಯಾರ ತಿದ್ದುಪಡಿಯನ್ನೂ ಒಪ್ಪುವುದಿಲ್ಲ.

ಬಸ್ಸು ಮರುದಿನವೇ ನಿಲ್ಲಲಿಲ್ಲ. ಹುಡುಗಿಯರು ಮತ್ತೆ ಹೋಗಿ ಕೇಳಿದರು, ಇನ್ನೊಮ್ಮೆ ಕೇಳಿದರು. ಈಗ ಬೆಳಗಿನ ಬಸ್ಸು ನಿಲ್ಲುತ್ತದೆ. ಸಂಜೆಯದು ಡ್ರೈವರನ ಮನಸ್ಸನ್ನು ನೋಡಿಕೊಂಡು. ಪವಿತ್ರ ಶಿರಾದಲ್ಲಿ ಪಿಯುಸಿ ಓದುತ್ತಿದ್ದಾಳೆ, ಹಟ್ಟಿಯಿಂದ ಇನ್ನೂ ಕೆಲವರು ಜೊತೆಗೆ ಹೋಗುತ್ತಾರೆ. ಶನಿವಾರದ ಗುಂಪಿಗೆ ಅವಳೇ ಅಕ್ಕ. ನಾನು ಆ ಕೆಲಸ ಬಿಡುವಾಗ ಸೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟಳು. “ನೀವೇ ಇಟ್ಕಳಿ ಅಕ್ಕ, ಬಸ್ಸಲ್ಲಿ ಬೇಕಾಗ್ತದೆ. ನಂಗೆ ಬೆರಳವೆ.” ಕಂಡಕ್ಟರನ ಕಥೆಯನ್ನು ಅವಳಿಗೆ ಹೇಳಿದ್ದೆ ಎಂದು ಕಾಣುತ್ತದೆ. ಹಾಗೆ ಅದು ನನ್ನ ಡ್ರಾಯರಿಗೆ ಬಂದು ಸೇರಿತು.

ಡ್ರಾಯರಿನಲ್ಲಿ ಸಿಕ್ಕ ಮೇಲಿನ ಭಾನುವಾರ ಆ ಸೀಟಿಯನ್ನು ಚೀಲದಲ್ಲಿ ಹಾಕಿಕೊಂಡು ಕ್ಯಾತಗಾನಚೆರ್ಲುವಿಗೆ ಹೋದೆ. ಅತ್ತೆಯ ಹೊಲ ಈಗ ಸೋಲಾರಿನವರ ಗುತ್ತಿಗೆಯಲ್ಲಿದೆ. ಕುರಿಗಳಿಲ್ಲ. ಕಣ್ಣು ಹಾಯುವವರೆಗೂ ಕರಿಯ ಗಾಜಿನ ಹಲಗೆಗಳು ಆಕಾಶಕ್ಕೆ ಮುಖ ಮಾಡಿ ಮಲಗಿವೆ. ಬಂಡೆ ಮಾತ್ರ ಬೇಲಿಯ ಈಚೆ ಉಳಿದಿದೆ. ಅತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಏಮ್ಮಾ, ಈಗ ದಾರಿ ಗೊತ್ತಾಯ್ತಾ ನಿಂಗೆ? ಕೂಸೋ, ಕೂಸೋ” ಎಂದು ಕೂರಲು ಚಾಪೆ ಎಳೆದಳು.

ಪವಿತ್ರಳ ಕಥೆಯನ್ನೆಲ್ಲ ಹೇಳಿದೆ. ಟಗರು, ಸೊಪ್ಪಿನ ಮಡಿ, ನನ್ನ ಚಪ್ಪಲಿ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಕೇಳಿದಳು, “ಆ ಪಿಲ್ಲ ಊದಿದ್ದು ಕೊನೇಲಿ ಕೆಳಕ್ಕೆ ಬಿಟ್ಟಳಾ, ಮೇಲಕ್ಕೆ ಎತ್ತಿದಳಾ?”

“ಮೇಲಕ್ಕೆ.”

“ಮೇಲಕ್ಕೆ ಎತ್ತಿದ್ರೆ ಬರ್ತಾವೆ. ಬರ್ದೆ ಏನ್ ಮಾಡ್ತಾವೆ ಪಾಪ” ಎಂದಳು, ಬೀಜವೊಂದನ್ನು ಮೊರಕ್ಕೆ ಹಾಕುತ್ತಾ.

ನಾನು ಸೀಟಿಯನ್ನು ಕೆಳಗಿಟ್ಟೆ. ಆ ಸಂಜೆ ಸಿಳ್ಳೆ ಹಾಕಿದವರು ಯಾರು ಎಂದು ಕೇಳಬೇಕೆಂದೇ ಅಷ್ಟು ದೂರ ಹೋಗಿದ್ದೆ. ಮೇಲಕ್ಕೆ ಕೆಳಕ್ಕೆಂಬ ಲೆಕ್ಕ ಸಿಳ್ಳೆ ಹಾಕಿದವಳಿಗಲ್ಲದೆ ಯಾರಿಗೆ ಗೊತ್ತು, ಅದನ್ನು ಕೇಳುವ ಅಗತ್ಯ ಉಳಿದಿರಲಿಲ್ಲ. ಬಾಯಿಗೆ ಬೇರೆಯದೇ ಬಂತು, ಕೇಳಿಬಿಟ್ಟೆ. ಅತ್ತೆ ಮೊರವನ್ನು ಕೊಡವಿ, “ಕಾಫಿ ಇಡ್ತೀನಿ ಇರು” ಎಂದು ಒಳಗೆ ಹೋದಳು. ಕಾಫಿ ಬಂತು, ಊಟ ಬಂತು, ಬಸ್ಸಿನ ಹೊತ್ತೂ ಬಂತು. ಆಮೇಲೆ ಎರಡು ಸಲ ಫೋನು ಮಾಡಿದ್ದೇನೆ. ಹುಣಸೆಹಣ್ಣಿನ ಬಗ್ಗೆ, ಮಂಡಿನೋವಿನ ಬಗ್ಗೆ, ಆ ಪಿಲ್ಲ ಪವಿತ್ರ ಹೇಗಿದ್ದಾಳೆ ಎಂಬ ಬಗ್ಗೆ ಎಲ್ಲ ಮಾತಾಡುತ್ತಾಳೆ.

ನಾನು ಕೇಳಿದ್ದು ಇಷ್ಟೆ. “ಅತ್ತೆ, ಆ ಬಂಡೆ ಮೇಲಿಂದ ನಿನ್ನ ಇಳಿಸಿದ್ದು ಯಾರು?”